ಬಣ್ಣದ ಪೆನ್ಸಿಲ್ ಪರಿಮಾಣ ಮೀಮಾಂಸೆ

ವಿಷಯವೇ ಇಲ್ಲದ ಚಿತ್ರ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆಯನ್ನು ಪೂರ್ವಾಚಾರ್ಯರು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಅವರಿಗೆ ಬೇರೆ ಕೆಲಸವಿತ್ತು. ಆದಕಾರಣ ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಎಂಬ ಚತುಃಸೀಮೆಯೊಳಗೆ ದೊರೆಯುವ ಪ್ರಮಾಣಗಳನ್ನೇ ಹಿಡಿದು, ಬಣ್ಣದ ಪೆನ್ಸಿಲಿನ ಅಮೂರ್ತ ಚಿತ್ರದ ಗಾತ್ರವನ್ನು ನಿರ್ಣಯಿಸಲು ಈ ಪ್ರಬಂಧ ಹೊರಟಿದೆ. ಪ್ರಬಂಧಕಾರನಿಗೆ ಚಿತ್ರ ಬರೆಯಲು ಬರುತ್ತದೆಯೇ ಎಂಬ ಆಕ್ಷೇಪ ಇಲ್ಲಿ ಅಪ್ರಸ್ತುತ. ಮೀಮಾಂಸಕನಿಗೆ ಆ ಅರ್ಹತೆ ಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ.

ಮೊದಲು ಪೂರ್ವಪಕ್ಷ. ಆಕಾರವಿಲ್ಲ, ವಿಷಯವಿಲ್ಲ, ಗುಣವಿಲ್ಲ ಎನ್ನುವ ಚಿತ್ರವನ್ನು ಉಡುಪಿಯ ರಥಬೀದಿಯ ಕೂಗಳತೆಯಲ್ಲಿ ಬಿಡಿಸುವುದಾದರೂ ಹೇಗೆ? ಬ್ರಹ್ಮ ನಿರ್ಗುಣವೆಂಬ ಮತವನ್ನು ಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲೇ ಖಂಡಿಸಿ, ಅದು ಗುಣಪೂರ್ಣವೆಂದು ಸ್ಥಾಪಿಸಿದ್ದಾರೆ. ಬ್ರಹ್ಮಕ್ಕೇ ಇಲ್ಲದ ವಿನಾಯಿತಿ ಡ್ರಾಯಿಂಗ್ ಶೀಟಿಗೆ ಸಿಕ್ಕೀತೇ?

ಸಮಾಧಾನ ಹೀಗಿದೆ. ಅಮೂರ್ತ ಚಿತ್ರದಲ್ಲಿ ಇಲ್ಲದಿರುವುದು ತೆಂಗಿನಮರ, ದೋಣಿ ಮತ್ತು ಸೂರ್ಯಾಸ್ತ ಮಾತ್ರ; ಗುಣಗಳಲ್ಲ. ಬಣ್ಣವಿದೆ, ಒತ್ತು ಇದೆ, ಅಂಚು ಇದೆ, ಎಲ್ಲಕ್ಕಿಂತ ಮೊದಲು ಗಾತ್ರವಿದೆ. ತೆಂಗಿನಮರವನ್ನು ಅಂಚೆಕಾರ್ಡಿನಲ್ಲಿ ಬರೆದರೂ ನೋಡುವವರು ತಮ್ಮ ಹಿತ್ತಿಲ ಮರದ ಎತ್ತರವನ್ನು ಅದಕ್ಕೆ ಧಾರಾಳವಾಗಿ ಕೊಟ್ಟುಬಿಡುತ್ತಾರೆ. ನೀಲಿ ತ್ರಿಕೋನಕ್ಕೆ ಅಂಥ ಸಾಲ ಕೊಡುವವರಿಲ್ಲ. ಕಾಗದದ ಮೇಲೆ ಎಷ್ಟಿದೆಯೋ ಅಷ್ಟೇ ಅದರ ಆಸ್ತಿ. ಇಲ್ಲಿ ಸ್ವತಂತ್ರ ತತ್ತ್ವ ಚಿತ್ರಕಾರನೂ ಅಲ್ಲ, ಪೆನ್ಸಿಲೂ ಅಲ್ಲ, ಕಾಗದ. ಮಿಕ್ಕದ್ದೆಲ್ಲ ಪರತಂತ್ರ.

ಕಾಗದದ ತಾರತಮ್ಯಕ್ಕೆ ಬರೋಣ. 1922ರಲ್ಲಿ ಜರ್ಮನಿಯವರು ಒಂದು ಚದರ ಮೀಟರಿನ ಹಾಳೆಗೆ ಎ0 ಎಂದು ಹೆಸರಿಟ್ಟು, ಅದನ್ನು ಅರ್ಧರ್ಧ ಮಾಡುತ್ತ ಎ1, ಎ2, ಎ3, ಎ4 ಎಂದು ಇಳಿಯುವ ಕ್ರಮವನ್ನು ಪ್ರಮಾಣೀಕರಿಸಿದರು. ಎಷ್ಟು ಸಲ ಅರ್ಧ ಮಾಡಿದರೂ ಉದ್ದ ಅಗಲಗಳ ಅನುಪಾತ ಕೆಡದು. ಇದನ್ನು ಕಂಡು ತುಳುನಾಡಿನವರು ಬೆರಗಾಗಬೇಕಾಗಿಲ್ಲ. ನೆಲದ ಮೇಲೆ ಬಣ್ಣದ ಪುಡಿಯಲ್ಲಿ ನಾಗನನ್ನು ಬರೆದು ಆರಾಧಿಸುವ ನಮ್ಮ ನಾಗಮಂಡಲದ ಆಮಂತ್ರಣಪತ್ರಿಕೆಯನ್ನು ತೆಗೆದು ಓದಿ: ಚತುಃಪವಿತ್ರ, ಅಷ್ಟಪವಿತ್ರ, ಷೋಡಶಪವಿತ್ರ. ಪವಿತ್ರವೆಂದರೆ ಬರೆದ ನಾಗನ ಗಂಟು. ನಾಲ್ಕು ಗಂಟಿನದು ಕಾಲು ಮಂಡಲ, ಎಂಟರದ್ದು ಅರ್ಧ, ಹದಿನಾರರದ್ದು ಪೂರ್ಣ. ಈಗ ಎ4 ಹಾಳೆಯನ್ನು ಒಂದು ಪವಿತ್ರವೆಂದು ಹಿಡಿದು ಎಣಿಸಿ. ನಾಲ್ಕು ಸೇರಿದರೆ ಎ2, ಎಂಟು ಸೇರಿದರೆ ಎ1, ಹದಿನಾರು ಸೇರಿದರೆ ಸರಿಯಾಗಿ ಎ0! ಜರ್ಮನಿಯವರು ಇದನ್ನು ಎಲ್ಲಿಂದ ಕದ್ದರೆಂದು ಪ್ರಬಂಧಕಾರ ಹೇಳುವುದಿಲ್ಲ. ವಿದ್ವತ್ತಿಗೆ ಒಂದು ಸಂಯಮವಿರಬೇಕು.

ಮಂಡಲ ಬರೆಯುವವರಿಂದ ಕಲಿಯಬೇಕಾದದ್ದು ಬೇರೆಯೂ ಇದೆ. ಅವರಿಗೆ ಐದೇ ಬಣ್ಣ: ಬಿಳಿ ಜೇಡಿಮಣ್ಣು, ಅರಸಿನ, ಅರಸಿನಕ್ಕೆ ಸುಣ್ಣ ಬೆರೆತ ಕೆಂಪು, ಎಲೆಯ ಪುಡಿಯ ಹಸಿರು, ಉಮಿಕರಿಯ ಕಪ್ಪು. ನಲವತ್ತೆಂಟು ಬಣ್ಣದ ಡಬ್ಬಿ ತಂದರೆ ಮಾತ್ರ ಚಿತ್ರ ಬಂದೀತು ಎನ್ನುವವರು ಇದನ್ನು ಗಮನಿಸಲಿ. ಮೇಲಾಗಿ ಅಲ್ಲಿ ಗಾತ್ರ ಮೊದಲೇ ನಿಶ್ಚಯವಾಗಿರುತ್ತದೆ, ಅದರಂತೆ ಚಪ್ಪರ, ಅದರಂತೆ ಖರ್ಚು. ಮುಗಿದ ಮಂಡಲ ಆಚರಣೆಯ ಕೊನೆಗೆ ಅಳಿದುಹೋಗುವುದರಿಂದ ಕಟ್ಟು ಹಾಕಿಸುವ ಚಿಂತೆಯೂ ಇಲ್ಲ. ನಮ್ಮ ಚಿತ್ರಕ್ಕಾದರೆ ಕಟ್ಟು ಬೇಕು, ಗಾಜು ಬೇಕು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಈ ಸೀಮೆಯಲ್ಲಿ ಜುಲೈ ಮುಗಿಯುವಷ್ಟರಲ್ಲಿ ಗಾಜಿನ ಒಳಗೆ ಬೂಷ್ಟು ತನ್ನದೇ ಅಮೂರ್ತ ಚಿತ್ರವನ್ನು ಶುರುಮಾಡಿರುತ್ತದೆ, ಅದೂ ಗಾತ್ರದ ಮಿತಿಯಿಲ್ಲದೆ.

ಇನ್ನು ಈ ಪ್ರಬಂಧದ ಮುಖ್ಯ ಆವಿಷ್ಕಾರ. ಬಣ್ಣದ ಪೆನ್ಸಿಲೆಂದರೆ ಮೇಣದಲ್ಲಿ ಕಲಸಿದ ವರ್ಣದ ಕಡ್ಡಿ. ಸ್ವಲ್ಪ ಮೊಂಡಾದ ಮೊನೆ ಎಳೆಯುವ ಗೆರೆ ಒಂದು ಮಿಲಿಮೀಟರ್ ಅಗಲವೆಂದು ಇಟ್ಟುಕೊಳ್ಳಿ. ಒಂದು ಚದರ ಮೀಟರನ್ನು ಒಂದು ಪದರ ತುಂಬಿಸಲು ಎಳೆಯಬೇಕಾದ ಗೆರೆ ಒಂದು ಸಾವಿರ ಮೀಟರ್, ಎಂದರೆ ಒಂದು ಕಿಲೋಮೀಟರ್. ಎ0 ಹಾಳೆಗೆ ಐದು ಪದರ ಹಾಕಿದವನು ಕುಳಿತಲ್ಲೇ ಉಡುಪಿಯಿಂದ ಮಣಿಪಾಲಕ್ಕೆ ಹೋಗಿರುತ್ತಾನೆ, ಅದೂ ಏರುದಾರಿ. ಹದಿಮೂರು ಪದರಕ್ಕೆ ಹೆಚ್ಚುಕಡಿಮೆ ಕಾಪು. ಕಾರ್ಕಳಕ್ಕೆ ಮೂವತ್ತೆಂಟು ಬೇಕಾದೀತು. ಆದರೆ ಅಷ್ಟು ದೂರ ಹೋಗಲು ಕಾಗದವೇ ಬಿಡುವುದಿಲ್ಲ. ಅದರ ತರಿ ತುಂಬಿದ ಮೇಲೆ ಮೇಣದ ಮೇಲೆ ಮೇಣ ಜಾರುತ್ತದೆ, ಬಣ್ಣ ಹತ್ತುವುದಿಲ್ಲ. ಎ4ಕ್ಕೆ ಪದರವೊಂದಕ್ಕೆ ಅರವತ್ತೆರಡೂವರೆ ಮೀಟರ್ ಮಾತ್ರ. ಊಟವಾದ ಮೇಲೆ ಕಾಲಾಡಿಸಿಕೊಂಡು ಬರಬಹುದಾದ ದೂರ.

ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರ ಗೆರೆ ಹಾಡುತ್ತದೆ ಎಂದು ಕಲಾವಿಮರ್ಶಕರು ಹೇಳುತ್ತಾರೆ. ಹಾಡಲಿ. ಒಬ್ಬ ನರ್ತಕಿಯನ್ನು ಮುಗಿಸಲು ಅವರಿಗೆ ಕೆಲವೇ ಗೆರೆ ಸಾಕಿತ್ತು. ಉಳಿದ ಕಾಗದವನ್ನು ಖಾಲಿ ಬಿಡುವ ಧೈರ್ಯವಿತ್ತು. ನಮ್ಮ ಗೆರೆ ಹಾಡುವುದಿಲ್ಲ, ಒರಳಿನಲ್ಲಿ ಅಕ್ಕಿ ರುಬ್ಬಿದ ಹಾಗೆ ಸುತ್ತುತ್ತದೆ.

ಪದರಗಳು ಎಷ್ಟಿರಬೇಕು? ಎಂಟು, ಎಂಬುದರಲ್ಲಿ ಉಡುಪಿಯವರಿಗೆ ಸಂಶಯ ಬರಬಾರದು. ಅಷ್ಟಮಠಗಳಂತೆ ಎಂಟು ಪೆನ್ಸಿಲು, ಒಂದೊಂದಕ್ಕೂ ಸರದಿಯ ಪ್ರಕಾರ ಪರ್ಯಾಯ. ಒಂದು ಪೀಠದಲ್ಲಿರುವಾಗ ಉಳಿದವು ಡಬ್ಬಿಯಲ್ಲಿರತಕ್ಕದ್ದು. ಯತಿ ವಾದಿರಾಜರು ಮಠಗಳ ಎರಡು ತಿಂಗಳ ಪರ್ಯಾಯವನ್ನು ಎರಡು ವರ್ಷಕ್ಕೆ ಏರಿಸಿದರೆಂದು ಹೇಳುತ್ತಾರೆ. ಎ0 ಹಾಳೆ ಹಿಡಿದವರಿಗೆ ಈ ಸುಧಾರಣೆ ಅನ್ವಯಿಸುತ್ತದೆ. ಬಿಳಿ ಪೆನ್ಸಿಲಿಗೆ ಮಾತ್ರ ಯಾವ ಡಬ್ಬಿಯಲ್ಲೂ ಪರ್ಯಾಯ ಬಂದದ್ದಿಲ್ಲ. ಅದು ಅಂಗಡಿಯಿಂದ ಬಂದಷ್ಟೇ ಉದ್ದವಿರುತ್ತದೆ.

ಇನ್ನು ಗಾತ್ರದ ಬಗ್ಗೆ ಕಾಪುವಿನ ಮತವನ್ನು ಚುಟುಕಾಗಿ ನೋಡೋಣ. 1901ರ ಅಲ್ಲಿನ ದೀಪಸ್ತಂಭವನ್ನು ಕಡಲಿನಿಂದ ನೋಡಬೇಕಾದ್ದರಿಂದ ಅದಕ್ಕೆ ದಪ್ಪ ಪಟ್ಟಿಗಳು ಸಲ್ಲುತ್ತವೆ. ಆದರೆ ಪೆನ್ಸಿಲಿನ ಪದರದ ಅಡಿಯಿಂದ ಇಣುಕುವ ಇನ್ನೊಂದು ಪದರ ಕಾಣುವುದು ಒಂದು ಮೊಳದ ದೂರದಿಂದ ಮಾತ್ರ. ದೂರದಿಂದ ನೋಡಿ ಎಂದು ಹೇಳಬೇಕಾದ ಚಿತ್ರಕ್ಕೆ ಬಣ್ಣದ ಪೆನ್ಸಿಲ್ ಯಾಕೆ? ಡಿಸ್ಟೆಂಪರ್ ಸಾಲದೇ?

ಕಾರ್ಕಳದ ಮತ ಹೆಚ್ಚು ತೂಕದ್ದು. 1432ರ ನಲವತ್ತೆರಡು ಅಡಿ ಬಾಹುಬಲಿಯನ್ನು ತೋರಿಸಿ ‘ದೊಡ್ಡದೇ ಸರಿ’ ಎಂದು ವಾದಿಸುವವರಿದ್ದಾರೆ. ಅವರು ಅದೇ ಊರಿನ 1586ರ ಚತುರ್ಮುಖ ಬಸದಿಯನ್ನೂ ಹತ್ತಿ ನೋಡಬೇಕು. ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು, ಯಾವ ಕಡೆಯಿಂದ ಹೋದರೂ ಅದೇ ಮುಂಭಾಗ. ಅಮೂರ್ತ ಚಿತ್ರವನ್ನು ಕಟ್ಟು ಹಾಕಿಸಲು ಕೊಟ್ಟಾಗ ಅಂಗಡಿಯವರು ತಪ್ಪದೆ ಕೇಳುತ್ತಾರಲ್ಲ, “ಇದರಲ್ಲಿ ಮೇಲೆ ಯಾವುದು ಮಾರಾಯ್ರೆ?” ಅದಕ್ಕೆ ಶಾಸ್ತ್ರೀಯ ಉತ್ತರ ಈ ಬಸದಿ. ನಾಲ್ಕೂ ಮೇಲೆಯೇ. ಹಾಗಾಗಬೇಕಾದರೆ ಚಿತ್ರ ಚೌಕವಾಗಿರಬೇಕು.

ಮಣಿಪಾಲದ ಮತವೇನೆಂದು ಕೇಳಬಹುದು. ಹಾಸ್ಟೆಲಿನ ಮೇಜಿನಲ್ಲಿ ಲ್ಯಾಪ್‌ಟಾಪು, ಮ್ಯಾಗಿಯ ತಟ್ಟೆ, ದಪ್ಪ ಪಠ್ಯಪುಸ್ತಕ ಇಟ್ಟ ಮೇಲೆ ಉಳಿಯುವ ಜಾಗವೇ ಅಲ್ಲಿನ ಸಿದ್ಧಾಂತ. ಅದೃಷ್ಟವಶಾತ್ ಅದು ನಮ್ಮ ನಿರ್ಣಯಕ್ಕೆ ವಿರುದ್ಧವಾಗಿಲ್ಲ.

ನಿರ್ಣಯ: ಎ4 ಹಾಳೆಯನ್ನು ಇಪ್ಪತ್ತೊಂದು ಸೆಂಟಿಮೀಟರಿನ ಚೌಕಕ್ಕೆ ಕತ್ತರಿಸತಕ್ಕದ್ದು. ಉಳಿದ ಎಂಟು ಚಿಲ್ಲರೆ ಸೆಂಟಿಮೀಟರಿನ ಪಟ್ಟಿಯಲ್ಲಿ ಬಣ್ಣಗಳನ್ನು ಒಂದರ ಮೇಲೊಂದು ಹಚ್ಚಿ ಮೊದಲೇ ಪರೀಕ್ಷಿಸತಕ್ಕದ್ದು. ಎಂಟು ಪದರಕ್ಕೆ ಒಟ್ಟು ಸುಮಾರು 353 ಮೀಟರ್ ಗೆರೆಯಾಗುತ್ತದೆ, ಮನುಷ್ಯಮಾತ್ರರಿಂದ ಸಾಧ್ಯ. ಇಲ್ಲ, ಎ0 ಹಾಳೆಯ ಮೇಲೆಯೇ ಎಂಟು ಪದರ ಹಾಕುತ್ತೇನೆಂದು ಹಟ ಹಿಡಿದವರು ಮೊದಲು ಉಡುಪಿಯಿಂದ ಮಣಿಪಾಲಕ್ಕೆ ನಡೆದುಹೋಗಿ, ನಡೆದೇ ವಾಪಸು ಬರಲಿ. ಎರಡು ಕಿಲೋಮೀಟರ್ ಹೆಚ್ಚಾಯಿತು ಎಂದರೆ ಅದು ಮೆಂಡರ್ ಹುಡುಕಲು ಎದ್ದುಹೋದ ಬಾಬ್ತು. ಸಿಟಿ ಬಸ್ಸು ಹತ್ತಿದವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.