ಅಲ್ಪವಿದ್ಯುತ್ ಮೀಮಾಂಸೆ

ಹೈಬ್ರಿಡ್ ಕಾರಿನ ಫಲಕದ ಮೇಲೆ ‘ಬ್ಯಾಟರಿ ಕಡಿಮೆ ಇದೆ’ ಎಂಬ ಎಚ್ಚರಿಕೆ ಒಮ್ಮೆ ಮೂಡಿದರೆ ಅದು ಸುದ್ದಿ. ಹೊಸ ಬ್ಯಾಟರಿ ಹಾಕಿಸಿದ ಮೇಲೂ ಮೂಡಿದರೆ ಅದು ಶಾಸ್ತ್ರ. ಸುದ್ದಿಯನ್ನು ಮೆಕ್ಯಾನಿಕ್ ನೋಡಿಕೊಳ್ಳುತ್ತಾನೆ, ಶಾಸ್ತ್ರಕ್ಕೆ ಮೀಮಾಂಸಕನೇ ಆಗಬೇಕು. ಯಜ್ಞದ ಸೌಟು ಯಾವ ಮರದ್ದಿರಬೇಕು ಎಂಬುದನ್ನೂ ಬಿಡದೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂದು ಕ್ರಮವಾಗಿ ಜಾಲಾಡಿದ ನಮ್ಮ ಹಿರಿಯರು ಈ ಎಚ್ಚರಿಕೆಯನ್ನು ಮಾತ್ರ ವಿಚಾರಿಸದೆ ಬಿಟ್ಟದ್ದಕ್ಕೆ ಆಗ ಕಾರು ಇರಲಿಲ್ಲ ಎಂಬುದೊಂದೇ ಕಾರಣ. ಆ ಕೊರತೆಯನ್ನು ತುಂಬುವುದು ಈ ಪ್ರಬಂಧದ ಉದ್ದೇಶ. ಪ್ರತಿಜ್ಞೆ ಇಷ್ಟು: ಹೈಬ್ರಿಡ್ ಕಾರಿನ ಬ್ಯಾಟರಿ ದುಡಿದು ಸೊರಗುವುದಿಲ್ಲ, ಮಲಗಿ ಸೊರಗುತ್ತದೆ, ಆದ್ದರಿಂದ ಪದೇ ಪದೇ ಬರುವ ಎಚ್ಚರಿಕೆಯ ಕಾರಣವನ್ನು ಕಾರು ಓಡುವ ಹೊತ್ತಿನಲ್ಲಿ ಹುಡುಕತಕ್ಕದ್ದಲ್ಲ, ನಿಂತ ಹೊತ್ತಿನಲ್ಲಿ ಹುಡುಕತಕ್ಕದ್ದು. ಗ್ಯಾರೇಜುಗಳು ಹಗಲಲ್ಲಿ ಮಾತ್ರ ತೆರೆದಿರುವುದರಿಂದ ಈ ಸತ್ಯ ಇಷ್ಟು ಕಾಲ ಮರೆಯಾಗಿತ್ತೆಂದು ಊಹಿಸಬಹುದು.

ಮೊದಲು ವಿಷಯವನ್ನು ಗೊತ್ತುಮಾಡಿಕೊಳ್ಳಬೇಕು. ಎಚ್ಚರಿಕೆ ಬ್ಯಾಟರಿ ಎಂದು ಏಕವಚನದಲ್ಲಿ ಮಾತಾಡುತ್ತದೆ, ಕಾರಿನಲ್ಲಿರುವುದು ಎರಡು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೊಟಾ ಪ್ರಿಯಸ್ ಈ ಶಾಸ್ತ್ರದ ಮೂಲಗ್ರಂಥ. 2003ರಲ್ಲಿ ಬಂದ ಅದರ ಎರಡನೆಯ ತಲೆಮಾರು ಪ್ರಮಾಣಭೂತ ಪಾಠ. ನಮ್ಮ ಬಿಡದಿಯಲ್ಲಿ ತಯಾರಾಗುವ ಹೈಬ್ರಿಡ್‌ಗಳು ಅದೇ ಸಂಪ್ರದಾಯದ ಶಾಖೆಗಳು. ಆ ಎರಡನೆಯ ಪಾಠದಲ್ಲಿ ತಲಾ 1.2 ವೋಲ್ಟಿನ 168 ನಿಕಲ್-ಮೆಟಲ್ ಹೈಡ್ರೈಡ್ ಕೋಶಗಳು ಸಾಲಾಗಿ ಕೂತು 201.6 ವೋಲ್ಟ್ ಆಗುತ್ತವೆ. ಇದು ದೊಡ್ಡದು. ಇದರ ಪಕ್ಕದಲ್ಲಿ, ಡಿಕ್ಕಿಯ ಒಂದು ಮೂಲೆಯಲ್ಲಿ, 12 ವೋಲ್ಟಿನ ಸೀಸ-ಆಮ್ಲದ ಪೆಟ್ಟಿಗೆಯೊಂದಿದೆ. ಗಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ವಸ್ತುವಿನ ವಂಶಸ್ಥ ಅದು. 1912ರ ಕ್ಯಾಡಿಲಾಕ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಸೆಲ್ಫ್ ಸ್ಟಾರ್ಟರ್ ಬಂದಾಗ, ಹ್ಯಾಂಡಲ್ ತಿರುಗಿಸಿ ತೋಳು ಮುರಿದುಕೊಳ್ಳುತ್ತಿದ್ದವರ ಕೆಲಸ ಈ ಸೀಸದ ಪೆಟ್ಟಿಗೆಗೆ ಸಿಕ್ಕಿತು. ಹೈಬ್ರಿಡ್ ಬಂದಾಗ ಆ ಕೆಲಸವೂ ಹೋಯಿತು. ಇಲ್ಲಿ ಎಂಜಿನನ್ನು ತಿರುಗಿಸುವುದು ದೊಡ್ಡ ಬ್ಯಾಟರಿಯ ಬಲದಿಂದ ನಡೆಯುವ ಮೋಟಾರು. ಆದರೂ ಚಿಕ್ಕದಕ್ಕೆ ನಿವೃತ್ತಿ ಕೊಡಲಿಲ್ಲ. ಕಂಪ್ಯೂಟರುಗಳನ್ನು ಎಬ್ಬಿಸುವುದು, ದೊಡ್ಡದನ್ನು ಕಾರಿಗೆ ಜೋಡಿಸುವ ರಿಲೇಗಳನ್ನು ಮುಚ್ಚುವುದು, ಇವೆರಡೇ ಅದರ ಮುಖ್ಯ ಕರ್ತವ್ಯ. ಕಚೇರಿಯ ಖಜಾನೆಯಲ್ಲಿ ಎಷ್ಟು ಹಣವಿದ್ದರೇನು, ಕೀಲಿಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡ ಜವಾನ ಬೆಳಿಗ್ಗೆ ಏಳದಿದ್ದರೆ ಸಾಹೇಬರು ವರಾಂಡದಲ್ಲೇ ನಿಲ್ಲಬೇಕು. 201.6 ವೋಲ್ಟಿನ ಪ್ರಭುತ್ವ 12 ವೋಲ್ಟಿನ ದಾಕ್ಷಿಣ್ಯದಲ್ಲಿದೆ.

ನ್ಯಾಯಶಾಸ್ತ್ರದವರು ಅಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಬ್ಯಾಟರಿ ಅಂಗಡಿಯವರು ಇದನ್ನು ಓದಿದ್ದರೆ ವ್ಯಾಪಾರ ಕಡಿಮೆಯಾಗುತ್ತಿತ್ತು, ಹಾಗಾಗಿ ಓದದಿರುವುದೇ ಅವರಿಗೆ ಕ್ಷೇಮ. ಒಂದು ವಸ್ತು ಇನ್ನೊಂದಲ್ಲ ಎಂಬುದು ಅನ್ಯೋನ್ಯಾಭಾವ: ಚಿಕ್ಕ ಬ್ಯಾಟರಿ ದೊಡ್ಡ ಬ್ಯಾಟರಿಯಲ್ಲ. ಇಷ್ಟು ಸರಳ ಸಂಗತಿ ತಿಳಿಯದೆ, ಚಿಕ್ಕದರ ದೌರ್ಬಲ್ಯದಿಂದ ಬಂದ ಎಚ್ಚರಿಕೆ ನೋಡಿ ದೊಡ್ಡದಕ್ಕೇ ಅಂತ್ಯಕಾಲ ಬಂತೆಂದು ಲಕ್ಷಗಳ ಲೆಕ್ಕ ಹಾಕುತ್ತ ನಿದ್ದೆಗೆಡುವವರಿದ್ದಾರೆ. ಕಾರಿನ ಕಂಪ್ಯೂಟರ್ ದೊಡ್ಡದನ್ನು ಸ್ಥೂಲವಾಗಿ ಶೇಕಡಾ 40ರಿಂದ 80ರ ನಡುವೆ, ಹೊಟ್ಟೆ ಬಿರಿಯದಂತೆ, ಉಪವಾಸವೂ ಬೀಳದಂತೆ ಜೋಪಾನ ಮಾಡುತ್ತದೆ; ಚಿಕ್ಕದಕ್ಕೆ ಅಂಥ ಸಾಕುತಾಯಿ ಇಲ್ಲ. ಇನ್ನು ಪ್ರಾಗಭಾವ, ಹುಟ್ಟುವ ಮುನ್ನಿನ ಇಲ್ಲದಿರುವಿಕೆ. ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತು ತನ್ನಷ್ಟಕ್ಕೇ ಬತ್ತಿದ ಹೊಸ ಬ್ಯಾಟರಿಯನ್ನು ಚಾರ್ಜ್ ಮಾಡದೆ ಕೂರಿಸಿದರೆ, ಅದರಲ್ಲಿ ವಿದ್ಯುತ್ತು ಇನ್ನೂ ಹುಟ್ಟಿಯೇ ಇರುವುದಿಲ್ಲ; ಹೊಸದು ಹಾಕಿಸಿ ವಾರವಾಗುವ ಮೊದಲೇ ದೀಪ ಬಂತು ಎಂದು ಅಳುವವರು ಈ ವರ್ಗದವರು. ಪ್ರಧ್ವಂಸಾಭಾವ ಎಂದರೆ ಇದ್ದದ್ದು ಅಳಿದದ್ದು. ನಮ್ಮ ಚರ್ಚೆಯ ಹೃದಯ ಅಲ್ಲಿದೆ. ಕೋಶವೊಂದು ಒಳಗೇ ಸತ್ತ ಅತ್ಯಂತಾಭಾವಕ್ಕೆ ಮಾತ್ರ ಹೊಸ ಬ್ಯಾಟರಿಯೇ ಮದ್ದು. ಅಲ್ಲಿ ಶಾಸ್ತ್ರಕ್ಕೆ ಕೆಲಸವಿಲ್ಲ, ಪಾಕೀಟಿಗೆ ಇದೆ. ನಾಲ್ಕನ್ನೂ ಬೇರ್ಪಡಿಸುವ ಸಾಧನ ಬಡವರ ಮಲ್ಟಿಮೀಟರ್. ಕಾರು ಕೆಲವು ಗಂಟೆ ಸುಮ್ಮನಿದ್ದ ಮೇಲೆ ಚಿಕ್ಕ ಬ್ಯಾಟರಿಯಲ್ಲಿ 12.6 ವೋಲ್ಟ್ ಕಂಡರೆ ತುಂಬಿದೆ, 12.2 ಆದರೆ ಅರ್ಧ, 12.0ಕ್ಕಿಂತ ಕೆಳಗಾದರೆ ಬರಗಾಲ. ಅದೇ ಕಾರು ‘ರೆಡಿ’ ಸ್ಥಿತಿಯಲ್ಲಿದ್ದಾಗ 14ರ ಆಸುಪಾಸು ಕಾಣಬೇಕು. ಕಂಡರೆ ದೊಡ್ಡದರಿಂದ ಚಿಕ್ಕದಕ್ಕೆ ಅನ್ನ ಬಡಿಸುವ ಡಿಸಿ-ಡಿಸಿ ಕನ್ವರ್ಟರ್ ನಿರಪರಾಧಿ.

ಈಗ ಸಿದ್ಧಾಂತಕ್ಕೆ ಪ್ರಮಾಣ. ದಪ್ಪಗಿರುವ ದೇವದತ್ತ ಹಗಲಲ್ಲಿ ಉಣ್ಣುವುದಿಲ್ಲವಾದರೆ ರಾತ್ರಿ ಉಣ್ಣುತ್ತಿರಲೇಬೇಕು ಎಂಬ ಅರ್ಥಾಪತ್ತಿಯನ್ನು ಶತಮಾನಗಳಿಂದ ಪಾಠಶಾಲೆಗಳಲ್ಲಿ ಒಪ್ಪಿಸುತ್ತ ಬಂದಿದ್ದಾರೆ. ಸಂಜೆ 12.6 ಇದ್ದದ್ದು ಕೆಲವೇ ಬೆಳಗುಗಳಲ್ಲಿ 12.0 ಆಗುವುದಾದರೆ, ಹಗಲಲ್ಲಿ ಕನ್ವರ್ಟರ್ ಸರಿಯಾಗಿ ಬಡಿಸುತ್ತಿರುವುದೂ ನಿಜವಾದರೆ, ಕಾರಿನೊಳಗೆ ಒಬ್ಬ ದೇವದತ್ತ ಇದ್ದಾನೆ. ಬೀಗ ಹಾಕಿ ನಿಲ್ಲಿಸಿದ ಕಾರು ಪೂರ್ತಿ ಮಲಗುವುದಿಲ್ಲ. ಗಡಿಯಾರ, ಕಳ್ಳಗಂಟೆ, ಕೀಲಿಗಾಗಿ ಕಿವಿಗೊಟ್ಟು ಕೂತ ಆಂಟೆನಾ ಎಲ್ಲ ಸೇರಿ 20ರಿಂದ 50 ಮಿಲಿಆಂಪಿಯರ್ ಎಳೆಯುವುದು ಸಹಜಧರ್ಮ. 45 ಆಂಪಿಯರ್-ಗಂಟೆಯ ಬ್ಯಾಟರಿ ಎಂದಿಟ್ಟುಕೊಂಡರೆ, 50 ಮಿಲಿಆಂಪಿಯರಿಗೆ ಅದು 900 ಗಂಟೆ, ಎಂದರೆ ಮೂವತ್ತೇಳು ದಿನಕ್ಕೂ ಮಿಕ್ಕಿ ಬಾಳುತ್ತದೆ. ಇದಕ್ಕೆ 250 ಮಿಲಿಆಂಪಿಯರಿನ ಒಂದು ಡ್ಯಾಶ್‌ಕ್ಯಾಮ್ ಸೇರಿಸಿ: ಒಟ್ಟು 300, ಆಯುಸ್ಸು 150 ಗಂಟೆ, ಆರು ದಿನ ಕಾಲು. ದಿನಕ್ಕೆ 15 ನಿಮಿಷ ತರಕಾರಿಗೆ ಹೋಗಿಬರುವ ಕಾರಾದರೆ, ಚಾರ್ಜ್ ಆಗುವುದು 10 ಆಂಪಿಯರಿನಲ್ಲಿ ಎಂದು ಉದಾರವಾಗಿ ಹಿಡಿದರೂ ಆದಾಯ 2.5 ಆಂಪಿಯರ್-ಗಂಟೆ, ಖರ್ಚು 7ರ ಮೇಲೆ. ಐದನೆಯ ದಿನದ ಹೊತ್ತಿಗೆ ಅರ್ಧ ಖಾಲಿ. ಹೀಗೆ ಅರೆಹೊಟ್ಟೆಯಲ್ಲೇ ಇರುವ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಬಡಿಸಿದರೂ ಒಳಗಿಳಿಯುವುದಿಲ್ಲ. ಆಗ ಮಾಲೀಕ ಬ್ಯಾಟರಿ ಬದಲಿಸುತ್ತಾನೆ, ದೇವದತ್ತನನ್ನು ಬದಲಿಸುವುದಿಲ್ಲ. ಸ್ಮಾರ್ಟ್ ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ, ಗೋಡೆಯಾಚೆ ಕಾರು ನಿಲ್ಲಿಸುವವರ ಮನೆಯಲ್ಲಿ ಕೀಲಿಯೂ ಕಾರೂ ಬೆಳಗಿನವರೆಗೆ ಪಿಸುಮಾತಾಡಿ ಎರಡರ ಬ್ಯಾಟರಿಯನ್ನೂ ಸವೆಸಿಕೊಳ್ಳುವುದುಂಟು. ಇದು ಪ್ರತ್ಯೇಕ ಅಧ್ಯಾಯಕ್ಕೆ ಯೋಗ್ಯವಾದ ಪ್ರಣಯ, ಇಲ್ಲಿ ಬಿಡುತ್ತೇವೆ.

ಪೂರ್ವಪಕ್ಷದವರು ಮೂರು ದಿಕ್ಕಿನಿಂದ ಏಳುತ್ತಾರೆ. ದಿನವೂ ಐದು ನಿಮಿಷ ‘ಆನ್’ ಮಾಡಿ ಇಟ್ಟರೆ ಸಾಕು ಎನ್ನುವುದು ಒಂದು ಪಕ್ಷ. ಯಾವ ಆನ್ ಎಂದು ಕೇಳಬೇಕಾಗುತ್ತದೆ. ಬ್ರೇಕ್ ತುಳಿಯದೆ ಬಟನ್ ಒತ್ತಿದರೆ ದೀಪಗಳು ಹತ್ತುತ್ತವೆ, ಹಾಡು ಬರುತ್ತದೆ, ಫ್ಯಾನು ಬೀಸುತ್ತದೆ. ಎಲ್ಲವೂ ಚಿಕ್ಕ ಬ್ಯಾಟರಿಯ ಖರ್ಚಿನಲ್ಲಿ. ಬ್ರೇಕ್ ತುಳಿದು ಒತ್ತಿ ‘ರೆಡಿ’ ಎಂಬ ಹಸಿರು ಅಕ್ಷರ ಬಂದಾಗ ಮಾತ್ರ ದೊಡ್ಡದು ಚಿಕ್ಕದನ್ನು ಸಾಕುತ್ತದೆ. ಎಂಜಿನ್ನಿನ ಸದ್ದಿಲ್ಲವಾದ್ದರಿಂದ ಕಿವಿಗೆ ಎರಡೂ ಒಂದೇ, ಬ್ಯಾಟರಿಗೆ ಅಲ್ಲ. ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುವುದು ಆಯುಧಪೂಜೆಯ ದಿನ. ನಾಲ್ಕು ಬಾಗಿಲೂ ಡಿಕ್ಕಿಯೂ ತೆರೆದು, ಒಳಗಿನ ದೀಪಗಳೆಲ್ಲ ಉರಿಯುತ್ತ, ಭಕ್ತಿಗೀತೆ ಗಂಟೆಗಟ್ಟಲೆ ಮೊಳಗಿ, ಮಂಗಳಾರತಿ ಮುಗಿದು ನಿಂಬೆಹಣ್ಣಿನ ಮೇಲೆ ಹಾಯಿಸಬೇಕೆನ್ನುವ ಮುಹೂರ್ತಕ್ಕೆ ಕಾರು ಜಗ್ಗುವುದಿಲ್ಲ. ಭೌತಶಾಸ್ತ್ರ ಇಲ್ಲಿ ಒಂದು ಟಿಪ್ಪಣಿ ಬೇಡುತ್ತದೆ: ತಾಮ್ರ, ಸತುವಿನ ತುಂಡು ಚುಚ್ಚಿದ ನಿಂಬೆಹಣ್ಣು ಸುಮಾರು 0.9 ವೋಲ್ಟ್ ಕೊಡುತ್ತದೆ. ಚಕ್ರದಡಿಯ ನಾಲ್ಕು ಹಣ್ಣುಗಳಿಂದ 3.6 ಆಯಿತು, ಹದಿನಾಲ್ಕು ಇಟ್ಟಿದ್ದರೆ ಕರಾರುವಾಕ್ಕಾಗಿ 12.6, ಎಂದರೆ ತುಂಬಿದ ಬ್ಯಾಟರಿ. ಸಂಪ್ರದಾಯ ಹತ್ತು ಹಣ್ಣಿನಷ್ಟು ದೂರದಲ್ಲಿ ನಿಂತುಹೋಯಿತು. ಹದಿನಾಲ್ಕು ನಿಂಬೆಯ ವೋಲ್ಟೇಜು ಸರಿ, ಕರೆಂಟು ಸಾಲದು ಎಂದು ಆಕ್ಷೇಪಿಸುವವರು ಪೂಜೆಯ ಭಾವವನ್ನು ಅರಿಯದವರು, ಆದರೆ ಹೇಳುವುದು ನಿಜ.

ಎರಡನೆಯ ಪಕ್ಷ ಕ್ರಾಂತಿಕಾರಿಗಳದು. 201.6 ವೋಲ್ಟ್ ಪಕ್ಕದಲ್ಲೇ ಇರುವಾಗ ಈ 12 ವೋಲ್ಟಿನ ರಗಳೆಯನ್ನೇ ತೆಗೆದುಹಾಕಬಾರದೇಕೆ? ಉತ್ತರ ಗಂಭೀರವಾದದ್ದು. ಕಾರು ನಿಂತಾಗ, ಅಪಘಾತವಾದಾಗ, ಆ ಭಾರಿ ವೋಲ್ಟೇಜು ಪೆಟ್ಟಿಗೆಯ ಹೊರಗೆ ಬರಬಾರದು. ಅದಕ್ಕಾಗಿ ರಿಲೇಗಳು ತೆರೆದುಕೊಂಡು ದೊಡ್ಡದನ್ನು ಬೇರೆಯಾಗಿಸುತ್ತವೆ. ಬೇರೆಯಾದದ್ದು ತನ್ನನ್ನು ತಾನೇ ಮತ್ತೆ ಜೋಡಿಸಿಕೊಳ್ಳಲಾರದು, ಹೊರಗೊಬ್ಬ ಇರಲೇಬೇಕು. ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ಮುಟ್ಟಬೇಡಿ ಎಂಬುದು ಈ ಪ್ರಬಂಧದಲ್ಲಿ ತಮಾಷೆಯಿಲ್ಲದ ಒಂದೇ ವಾಕ್ಯ. ಆದರೆ ವಿನ್ಯಾಸಕಾರರು ತರ್ಕದೋಷದಿಂದ ಪೂರ್ತಿ ಪಾರಾಗಿಲ್ಲ. ಎರಡನೆಯ ತಲೆಮಾರಿನ ಪ್ರಿಯಸ್ಸಿನಲ್ಲಿ ಚಿಕ್ಕ ಬ್ಯಾಟರಿ ಡಿಕ್ಕಿಯಲ್ಲಿದೆ, ಡಿಕ್ಕಿಯ ಚಿಲಕ ವಿದ್ಯುತ್ತಿನಿಂದ ತೆರೆಯುತ್ತದೆ. ಬ್ಯಾಟರಿ ಮುಟ್ಟಲು ಡಿಕ್ಕಿ ತೆರೆಯಬೇಕು, ಡಿಕ್ಕಿ ತೆರೆಯಲು ಬ್ಯಾಟರಿ ಬೇಕು: ಅನ್ಯೋನ್ಯಾಶ್ರಯ ದೋಷಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ಯಾವ ತರ್ಕಸಂಗ್ರಹದಲ್ಲೂ ಸಿಗದು. ಪರಿಹಾರವಾಗಿ ಬಾನೆಟ್ಟಿನ ಕೆಳಗೆ ಫ್ಯೂಸ್ ಪೆಟ್ಟಿಗೆಯಲ್ಲಿ ಜಂಪ್ ಕೊಡುವ ತುದಿಯೊಂದನ್ನು ಇಟ್ಟಿದ್ದಾರೆ. ಒಳಗಿನಿಂದ ಹಿಂದಿನ ಸೀಟು ಹತ್ತಿ ತೆವಳಿದರೆ ಡಿಕ್ಕಿಗೊಂದು ಸನ್ನೆಗೋಲೂ ಸಿಗುತ್ತದೆ. ನಮ್ಮ ಜನರ ಸನಾತನ ಪರಿಹಾರ, ಎಂದರೆ ಬೀದಿಯ ಹುಡುಗರನ್ನೆಲ್ಲ ಕರೆದು ತಳ್ಳಿಸುವುದು, ಇಲ್ಲಿ ನಡೆಯುವುದಿಲ್ಲ. ಗೇರನ್ನು ‘ಪಿ’ಯಿಂದ ಬಿಡಿಸಲೂ ಅದೇ 12 ವೋಲ್ಟ್ ಬೇಕು, ಆದ್ದರಿಂದ ಎಷ್ಟು ಹೈಲೇಸಾ ಎಂದರೂ ಕಾರು ಬಿಟ್ಟು ಉಳಿದವರೆಲ್ಲ ಮುಂದೆ ಹೋಗುತ್ತಾರೆ. ಜಂಪ್ ತೆಗೆದುಕೊಳ್ಳುವಾಗ ಕೆಂಪು, ಕಪ್ಪು ಅದಲುಬದಲಾದರೆ ಕನ್ವರ್ಟರ್ ಸುಟ್ಟು ಖರ್ಚು ಬೇರೆ ಮಟ್ಟಕ್ಕೆ ಏರುತ್ತದೆ; ತನ್ನ ಚಿಕ್ಕ ಬ್ಯಾಟರಿಯಿಂದ ಪಕ್ಕದ ಡೀಸೆಲ್ ಜೀಪಿಗೆ ಜೀವದಾನ ಮಾಡಹೊರಡುವ ದಾನಶೂರರಿಗೂ ಅದೇ ಗತಿಯಾದೀತು.

ಮೂರನೆಯವರು ಎಲ್ಲಕ್ಕೂ ಬಿಸಿಲೇ ಕಾರಣ ಎನ್ನುವ ರಾಯಚೂರು ಪಂಥದವರು. ಶಾಖ ಸೀಸದ ಬ್ಯಾಟರಿಯ ಆಯುಸ್ಸನ್ನು ತಿನ್ನುವುದು ಸುಳ್ಳಲ್ಲ. ಪ್ರತಿ 10 ಡಿಗ್ರಿ ಏರಿಕೆಗೆ ಆಯುಸ್ಸು ಅರ್ಧವಾಗುತ್ತದೆಂಬ ಸ್ಥೂಲ ನಿಯಮವನ್ನು ಬ್ಯಾಟರಿಯವರೇ ಒಪ್ಪುತ್ತಾರೆ. ಆದರೆ ಅದು ವೃದ್ಧಾಪ್ಯದ ವಿವರಣೆ. ಎರಡು ತಿಂಗಳ ಕೂಸು ಬ್ಯಾಟರಿ ಮುಪ್ಪಿನಿಂದ ಬಿತ್ತೆಂದರೆ ಯಾವ ಪಂಥವೂ ನಂಬಬಾರದು. ಹಿಂದಿನ ಬ್ಯಾಟರಿ ಹೋದ ದಾರಿಯಲ್ಲೇ ಅಷ್ಟೇ ವೇಗವಾಗಿ ಹೊಸದೂ ಹೋಗುತ್ತಿದ್ದರೆ ಎರಡಕ್ಕೂ ಸಮಾನವಾದದ್ದು ಬಿಸಿಲೊಂದೇ ಅಲ್ಲ, ಕಾರೂ ಹೌದು. ಹ್ಯೂಂಡೈ ಅಯಾನಿಕ್ ಹೈಬ್ರಿಡ್, ಕಿಯಾ ನೀರೊ ಮುಂತಾದವುಗಳಲ್ಲಿ ಸೀಸವನ್ನು ಕೈಬಿಟ್ಟು 12 ವೋಲ್ಟಿಗೂ ಲಿಥಿಯಂ ತಂದು, ತೀರ ಬತ್ತುವ ಮೊದಲೇ ತನ್ನನ್ನು ತಾನು ಕಡಿದುಕೊಂಡು, ಬಟನ್ ಒತ್ತಿದರೆ ಮತ್ತೆ ಕಣ್ಣು ಬಿಡುವ ಏರ್ಪಾಡು ಮಾಡಿದ್ದಾರೆ. ನಮ್ಮ ಸಿದ್ಧಾಂತಕ್ಕೆ ಇದು ಸಮರ್ಥನೆಯೇ: ರಾತ್ರಿಯ ಊಟ ನಿಲ್ಲಿಸಲಾಗದು ಎಂದು ಒಪ್ಪಿಕೊಂಡವರು ಮಾತ್ರ ಪಾತ್ರೆಗೆ ಬೀಗ ಹಾಕುತ್ತಾರೆ. ನೆಗೆಟಿವ್ ತಂತಿಯನ್ನೇ ಬಿಚ್ಚಿಡಿ ಎಂಬ ಸಲಹೆ ತಿಂಗಳುಗಟ್ಟಲೆ ಊರಿಗೆ ಹೋಗುವವರಿಗೆ ಒಳ್ಳೆಯದು, ದಿನವೂ ಬಿಚ್ಚುವವರಿಗೆ ಅದೊಂದು ವ್ರತ.

ಉಳಿದದ್ದು ದೇವದತ್ತನನ್ನು ಹಿಡಿಯುವ ವಿಧಿ. ಬ್ಯಾಟರಿಯನ್ನು ಮೊದಲು ಹೊರಗಿನ ಚಾರ್ಜರಿನಿಂದ ರಾತ್ರಿಯಿಡೀ ತುಂಬಿಸಬೇಕು, ಇಲ್ಲವಾದರೆ ಪ್ರಾಗಭಾವವೂ ಪ್ರಧ್ವಂಸವೂ ಕಲಸಿಹೋಗುತ್ತವೆ. ನೆಗೆಟಿವ್ ತಂತಿಯ ನಡುವೆ ಆಂಪಿಯರ್ ಮೀಟರು ಸೇರಿಸಿ, ಕೀಲಿಯನ್ನು ಮನೆಯ ದೂರದ ಮೂಲೆಗೆ ಕಳಿಸಿ, ಕಾರು ಮಲಗುವುದನ್ನು ಕಾಯಬೇಕು. ಕಾರು ಮಲಗಲು ಬಾಗಿಲೆಲ್ಲ ಮುಚ್ಚಿರಬೇಕು. ಮೀಟರು ನೋಡಲು ಡಿಕ್ಕಿ ತೆರೆದಿರಬೇಕು. ಪ್ರಮಾತೃವಿನ ಇರವೇ ಪ್ರಮೇಯವನ್ನು ಕೆಡಿಸುವ ಈ ಸಂಕಟಕ್ಕೆ ಅನುಭವಿಗಳು ಕಂಡುಕೊಂಡ ದಾರಿ ಸ್ಕ್ರೂಡ್ರೈವರ್: ಡಿಕ್ಕಿಯ ಬಾಯಿ ತೆರೆದೇ ಇರಲಿ, ಚಿಲಕವನ್ನು ಮಾತ್ರ ತಿರುಗಿಸಿ ಮುಚ್ಚಿಬಿಟ್ಟರೆ ಕಾರು ತಾನು ಮುಚ್ಚಿದ್ದೇನೆಂದೇ ನಂಬುತ್ತದೆ. ಕಂಪ್ಯೂಟರುಗಳೆಲ್ಲ ತೂಕಡಿಸಿ ಬೀಳಲು ಅರ್ಧ ಗಂಟೆ, ಕೆಲವೊಮ್ಮೆ ಹೆಚ್ಚೇ ಹಿಡಿಯುತ್ತದೆ. ಅವಸರಪಟ್ಟು ಮೊದಲ ನಿಮಿಷದ ಅಂಕಿ ಬರೆದುಕೊಂಡವರು ಎಲ್ಲರನ್ನೂ ಕಳ್ಳರೆಂದು ಶಂಕಿಸುತ್ತಾರೆ. ಅಂಕಿ ನೆಲೆ ನಿಂತ ಮೇಲೂ ಹೆಚ್ಚಾಗಿಯೇ ಇದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಬರಬೇಕು. ಯಾವುದನ್ನು ಕಿತ್ತಾಗ 300 ಇದ್ದದ್ದು ದಡಕ್ಕನೆ 50ಕ್ಕೆ ಇಳಿಯುತ್ತದೋ ಆ ಸಾಲಿನಲ್ಲಿ ದೇವದತ್ತ ಎಲೆ ಹಾಕಿಕೊಂಡು ಕೂತಿದ್ದಾನೆ. ಅದು ಡ್ಯಾಶ್‌ಕ್ಯಾಮಿನ ಸಾಲೇ ಆಗಿದ್ದಲ್ಲಿ, 12.2 ವೋಲ್ಟಿಗೆ ತಾನಾಗಿ ಕಡಿಯುವ ಚಿಕ್ಕ ಉಪಕರಣವೊಂದನ್ನು ನಡುವೆ ಹಾಕಿಸಬಹುದು, ಇಲ್ಲವೆ ಕಾರು ನಿಂತಾಗ ಕ್ಯಾಮೆರಾವನ್ನೇ ಆರಿಸಬಹುದು. ಸಾಕ್ಷ್ಯ ಬೇಕೆನ್ನುವವರು ರಾತ್ರಿಯ ಚಿತ್ರೀಕರಣ ತೆಗೆದು ನೋಡಲು ಅಡ್ಡಿಯಿಲ್ಲ. ಆದರೆ ಅದರಲ್ಲಿ ಕಳ್ಳ ಕಾಣುವುದಿಲ್ಲ, ಅವನು ಲೆನ್ಸಿನ ಹಿಂದೆ ಇರುತ್ತಾನೆ.