ಟ್ಯಾಪೆಟ್ ಕವರ್ ಸೋರಿಕಾ ಮೀಮಾಂಸೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಪಂಚ ತಾಲ್ಲೂಕುಗಳ ಕಬ್ಬು, ತಂಬಾಕು, ಸೊಸೈಟಿ ಚುನಾವಣೆಗಳ ಮೇಲೆ ವಿದ್ವತ್ತು ಧಾರಾಳವಾಗಿ ಖರ್ಚಾಗಿದೆ. ಇದೇ ನೆಲದಲ್ಲಿ ಹಳೆಯ ಡೀಸೆಲ್ ಗಾಡಿಗಳು ರಾತ್ರಿ ನಿಂತ ಜಾಗದಲ್ಲಿ ಬಿಟ್ಟುಹೋಗುವ ಕರಿ ಚುಕ್ಕೆಗಳ ಬಗ್ಗೆ ಮಾತ್ರ ಶಾಸ್ತ್ರ ತುಟಿ ಬಿಚ್ಚಿಲ್ಲ. ಸಂಶೋಧಕರು ಸವೆದ ಕಲ್ಲಿನ ಮೇಲಿನ ಶಾಸನ ಓದುತ್ತಾರೆ. ತಮ್ಮ ಓಣಿಯ ಕಾಂಕ್ರೀಟಿನ ಮೇಲೆ ನಿನ್ನೆ ರಾತ್ರಿ ಬರೆದದ್ದನ್ನು ಧೋತರ ಎತ್ತಿಕೊಂಡು ದಾಟಿ ಹೋಗುತ್ತಾರೆ. ಆ ಕೊರತೆ ತುಂಬುವುದೇ ಈ ಕಿರುಗ್ರಂಥದ ಪ್ರಯೋಜನ. ಇದನ್ನು ಓದುವ ಅಧಿಕಾರವಿರುವುದು ಆರ್‌ಸಿ ಬುಕ್ಕಿನಲ್ಲಿ ಹೆಸರಿದ್ದವನಿಗೆ. ಡ್ರೈವರನಿಗೆ ಇದೆಲ್ಲ ಮೊದಲೇ ಗೊತ್ತು, ಅವನು ಹೇಳುವುದಿಲ್ಲ ಅಷ್ಟೆ.

ಮೊದಲು ಕುಲಗೋತ್ರ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ತನ್ನ ಎಂಜಿನ್ ಓಡಿಸಿ ತೋರಿಸಿದ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಆ ಜಾತಿಯ ಒಂದು ಎಂಜಿನ್ ಶೇಂಗಾ ಎಣ್ಣೆಯ ಮೇಲೆ ಓಡಿತು. ಶೇಂಗಾ ಎಣ್ಣೆ ಉಂಡು ಬೆಳೆದ ಯಂತ್ರ ನಮ್ಮ ಸೀಮೆಗೆ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಮುಂದೆ ಮರ್ಸಿಡಿಸ್ ಬೆಂಜ್‌ನವರ ಓಎಂ 616 ಎಂಬ ನಾಲ್ಕು ಸಿಲಿಂಡರಿನ, 2.4 ಲೀಟರಿನ ಎಂಜಿನ್ ಲೈಸೆನ್ಸಿನ ಮೇಲೆ ಪುಣೆಯ ಬಜಾಜ್ ಟೆಂಪೊಗೆ ಬಂತು. ಟ್ರ್ಯಾಕ್ಸ್ ಗಾಡಿಗಳಲ್ಲಿ ಕೂತಿತು. ಕಂಪನಿ 2005ರಲ್ಲಿ ಫೋರ್ಸ್ ಮೋಟರ್ಸ್ ಆಯಿತು. ಹೀಗಾಗಿ ಒಳಗೆ ಜನ, ಟಪ್ಪಿನ ಮೇಲೆ ಬುತ್ತಿಗಂಟು ಹೇರಿಕೊಂಡು ಚಿಂಚಲಿ ಮಾಯಕ್ಕನ ಜಾತ್ರೆಗೆ ಹೊರಟ ಹಳೆಯ ಟ್ರ್ಯಾಕ್ಸ್ ಕ್ರೂಸರಿನಲ್ಲಿ ಕೂತವರು ಶಾಸ್ತ್ರೋಕ್ತವಾಗಿ ಬೆಂಜ್ ವಂಶದ ಎಂಜಿನ್ನಿನ ಹಿಂದೆ ಕೂತವರೇ. ಬಾಡಿಗೆ ಕೊಡುವಾಗ ಇದನ್ನು ನೆನೆದವರಿಲ್ಲ.

ಈಗ ಪ್ರಮಾಣ ವಿಚಾರ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆ ಎಂದು ಊಹಿಸಬೇಕೆಂಬುದು ನೈಯಾಯಿಕರ ಹಳೆಯ ಪಾಠ. ಅವರು ನಿಪ್ಪಾಣಿ ಹತ್ತಿರದ ತವಂದಿ ಘಾಟು ಹತ್ತಿದವರಲ್ಲ. ಅಲ್ಲಿ ಏರಿನಲ್ಲಿ ಬಾನೆಟ್ಟಿನ ಸಂದಿಯಿಂದ ನೀಲಿ ಹೊಗೆ ಬರುತ್ತದೆ, ಸುಟ್ಟ ಎಣ್ಣೆಯ ನಾತ ಬರುತ್ತದೆ, ಬೆಂಕಿ ಮಾತ್ರ ಇರುವುದಿಲ್ಲ. ಗಾಡಿ ಮೂತಿ ಎತ್ತಿದಾಗ ಎಂಜಿನ್ನಿನ ತಲೆಯೊಳಗಿನ ಎಣ್ಣೆ ಹಿಂದಕ್ಕೆ ಸರಿಯುತ್ತದೆ. ಆ ತಲೆಯ ಮೇಲೆ ಮುಚ್ಚಿದ ಟ್ಯಾಪೆಟ್ ಕವರಿನ ಹಿಂಬದಿಯ ಪ್ಯಾಕಿಂಗ್ ಒಣಗಿದ್ದರೆ ಅಲ್ಲಿಂದ ಹೊರಬಿದ್ದು ಕಾದ ಸೈಲೆನ್ಸರ್ ಮ್ಯಾನಿಫೋಲ್ಡಿನ ಮೇಲೆ ಇಳಿಯುತ್ತದೆ. ಧೂಮವುಂಟು, ವಹ್ನಿಯಿಲ್ಲ. ತರ್ಕಶಾಸ್ತ್ರಕ್ಕೆ ಐದು ತಾಲ್ಲೂಕುಗಳ ಕೊಡುಗೆ ಇದು.

ಇನ್ನು ಪೂರ್ವಪಕ್ಷಗಳು. ಉದಾಸೀನವಾದಿಗಳದ್ದು ಸರಳ ಮತ: "ಎಣ್ಣಿ ಸೋರ್ತೈತಿ ಅಂದ್ರ ಒಳಗ ಎಣ್ಣಿ ಐತಿ ಅಂತರೀ ಸಾಹೇಬ್ರ." ಈ ಪ್ರಮಾಣವು ಎಣ್ಣೆ ಮುಗಿದ ದಿನ ಸೋರಿಕೆಯ ಸಮೇತ ನಿಲ್ಲುತ್ತದೆ; ಅಂದು ಗಾಡಿಯೂ ನಿಲ್ಲುತ್ತದೆ. ಹೆಚ್ಚು ಖಂಡನೆ ಬೇಕಿಲ್ಲ.

ಬಿಗಿವಾದಿಗಳು ಗಟ್ಟಿ ಆಸಾಮಿಗಳು. ಸೋರಿದರೆ ಬಿಗಿ, ಮತ್ತೆ ಸೋರಿದರೆ ಇನ್ನಷ್ಟು ಬಿಗಿ ಎಂಬುದು ಅವರ ಸೂತ್ರ. ಟ್ರ್ಯಾಕ್ಟರ್ ಟ್ರಾಲಿಗೆ ಕಬ್ಬು ಹೇರಿದ ತೋಳುಗಳು ಹತ್ತು ನಂಬರಿನ ಪಾನಾ ಹಿಡಿಯುತ್ತವೆ. ಕೆಲವರು ಪಾನಾದ ಹಿಡಿಕೆಗೆ ಪೈಪು ತೊಡಿಸುವುದೂ ಉಂಟು. ಈ ಕವರಿನ ಬೋಲ್ಟು ಸಾಮಾನ್ಯವಾಗಿ 6 ಮಿಲಿಮೀಟರಿನದು. ಅದು ಬೇಡುವುದು ಸುಮಾರು 10 ನ್ಯೂಟನ್ ಮೀಟರ್ ತಿರುಚುಬಲ, ಅಂದರೆ ಮಣಿಕಟ್ಟಿನ ಕೆಲಸ, ಭುಜದ್ದಲ್ಲ. ಹೆಚ್ಚು ಬಿಗಿದರೆ ಕಾರ್ಕ್ ಪ್ಯಾಕಿಂಗ್ ಮೂಲೆಯಲ್ಲಿ ಸೀಳಿ ಹೊರಗೆ ನಾಲಗೆ ಚಾಚುತ್ತದೆ. ತಗಡಿನ ಕವರಾದರೆ ಬೋಲ್ಟಿನ ತೂತಿನ ಸುತ್ತ ತಗ್ಗು ಬೀಳುತ್ತದೆ, ಎರಡು ತಗ್ಗುಗಳ ನಡುವಿನ ಅಂಚು ಮೇಲೆದ್ದು ನಿಲ್ಲುತ್ತದೆ. ಅಂಥ ಕವರನ್ನು ಸಪಾಟು ಗಾಜಿನ ಮೇಲೆ ಬೋರಲು ಇಟ್ಟು ನೋಡಿ. ಕೆಳಗೆ ಬೆಳಕು ಹರಿಯುವ ಜಾಗವೇ ಎಣ್ಣೆ ಹರಿಯುವ ಜಾಗ. ಹಿಂಬದಿಯಿಂದ ಕಟ್ಟಿಗೆ ಕೊಟ್ಟು ಮೆಲ್ಲಗೆ ಬಡಿದು ಸಮ ಮಾಡದೆ ಹೊಸ ಪ್ಯಾಕಿಂಗ್ ಕೂರಿಸುವುದು ದುಡ್ಡಿಗೆ ದಂಡ. ಇನ್ನೂ ಬಿಗಿದರೆ ಬೋಲ್ಟು ಟಕ್ಕೆಂದು ತುಂಡಾಗಿ ಹೆಡ್ಡಿನೊಳಗೆ ಉಳಿಯುತ್ತದೆ. ಅದನ್ನು ತೆಗೆಯುವ ಖರ್ಚಿನಲ್ಲಿ ಹತ್ತಾರು ಪ್ಯಾಕಿಂಗ್ ಬರುತ್ತಿದ್ದವು.

ಲೇಪವಾದಿಗಳು ಅನಾಬಾಂಡ್ ಎಂಬ ಅಂಟಿನ ಟ್ಯೂಬಿನ ಉಪಾಸಕರು. ಹಳೆಯ ಪ್ಯಾಕಿಂಗಿನ ಮೇಲೆಯೇ, ಎಣ್ಣೆ ಒರೆಸದೆಯೇ, ಹೋಳಿಗೆಗೆ ತುಪ್ಪ ಹಾಕಿದಂತೆ ಹಾಕುತ್ತಾರೆ. ಎಣ್ಣೆ ಇದ್ದಲ್ಲಿ ಅದು ಹಿಡಿಯುವುದೇ ಇಲ್ಲ. ಹೊರಗೆ ಉಬ್ಬಿದ್ದನ್ನು ಬೆರಳಿನಿಂದ ಒರೆಸಬಹುದು. ಒಳಗೆ ಉಬ್ಬಿದ್ದನ್ನು ಒರೆಸುವವರಾರು? ಗಟ್ಟಿಯಾದ ಎಳೆಗಳು ಕಳಚಿ ಚೇಂಬರಿಗೆ ಇಳಿದು ಆಯಿಲ್ ಪಂಪಿನ ಜಾಳಿಗೆಗೆ ಮೆತ್ತಿಕೊಳ್ಳುತ್ತವೆ. ಆಮೇಲೆ ಸೋರುವ ಮಾತೇ ಇಲ್ಲ, ಎಂಜಿನ್ನೇ ಸೀಜ್. ಮೂಲೆಗಳಲ್ಲಿ ಬಟಾಣಿ ಕಾಳಿನಷ್ಟು ಸಾಕು ಎಂದು ಎಷ್ಟು ಹೇಳಿದರೂ, ಟ್ಯೂಬು ಒಡೆದ ಮೇಲೆ ಉಳಿಸುವುದು ಇವರ ಧರ್ಮದಲ್ಲಿಲ್ಲ.

ಈ ಹಂತದಲ್ಲಿ ಪ್ಯಾಕಿಂಗಿನ ರಾಜಕೀಯವನ್ನು ಮುಟ್ಟದೆ ಗತಿಯಿಲ್ಲ. ಅದು ಎರಡು ಲೋಹಗಳ ನಡುವಿನ ಗಡಿ, ನಮ್ಮದೂ ಗಡಿಸೀಮೆ. ಕರ್ನಾಟಕ, ಮಹಾರಾಷ್ಟ್ರಗಳ ಗಡಿ ತಂಟೆಯ ಮೇಲೆ ಮಹಾಜನ್ ಆಯೋಗ 1967ರಲ್ಲಿ ವರದಿ ಕೊಟ್ಟಿತು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ವಾತಾವರಣ ಕಾದಾಗಲೆಲ್ಲ ಬಸ್ಸುಗಳು ಕೊಗನೊಳ್ಳಿಯ ಹತ್ತಿರವೇ ತಿರುಗಿ ನಿಲ್ಲುತ್ತವೆ. ಆದರೆ ನಿಪ್ಪಾಣಿಯ ಮಿಸ್ತ್ರಿಗೆ ಪ್ಯಾಕಿಂಗ್ ಕೊಲ್ಹಾಪುರದಿಂದ ಬರುತ್ತದೆ, ಕಾಗವಾಡದವನು ಮೀರಜಿಗೆ ಹೋಗಿ ತರುತ್ತಾನೆ. ಪಾನಾಕ್ಕೆ ಎರಡೂ ಕಡೆ ಪಾನಾ ಎಂದೇ ಹೆಸರು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಯ ಜಿಐ ಮಾನ್ಯತೆ ಎರಡೂ ರಾಜ್ಯಗಳಿಗೆ ನಾಲ್ಕು ನಾಲ್ಕು ಜಿಲ್ಲೆಯಂತೆ ಸಂದಿತು, ಅಥಣಿಯ ಚಪ್ಪಲಿಯೂ ಅದರಲ್ಲಿ ಸೇರಿತು. ಇದೇ ನ್ಯಾಯದಿಂದ ಸೋರಿಕೆಗೂ ಜಂಟಿ ಅರ್ಜಿ ಹಾಕಬಹುದೆಂದು ಈ ಪ್ರಬಂಧಕಾರನ ವಿನಯಪೂರ್ವಕ ಸಲಹೆ.

ಪ್ರಯೋಗ ವಿಧಿ ಸಂಕ್ಷೇಪವಾಗಿ ಹೀಗೆ. ಎಂಜಿನ್ ತಣ್ಣಗಿರಬೇಕು. ಕವರ್ ಎತ್ತುವ ಮೊದಲೇ ಸುತ್ತಲಿನ ಧೂಳು ಒರೆಸಬೇಕು, ಕಬ್ಬಿನ ಹಂಗಾಮಿನ ಧೂಳು ಸಣ್ಣದಲ್ಲ. ಒಳಗೆ ಎಣ್ಣೆ ಇಳಿಯುವ ತೂತುಗಳಿಗೆ ಬಟ್ಟೆ ತುರುಕಿ, ಕಲ್ಲಾಗಿ ಹೋದ ಹಳೆಯ ಕಾರ್ಕನ್ನು ಹೆರೆದು ತೆಗೆದು, ಎರಡೂ ಮುಖಗಳನ್ನು ಒಣಗಿಸಬೇಕು. ತುರುಕಿದ ಬಟ್ಟೆಯನ್ನು ನೆನಪಿಟ್ಟು ತೆಗೆಯಬೇಕು. ಗಡಿಬಿಡಿಯವರು ಇಲ್ಲೇ ಗ್ರಂಥ ಮುಚ್ಚಿಬಿಡುತ್ತಾರೆ. ಕವರ್ ತೆಗೆದದ್ದಾಗಿದೆ, ಟ್ಯಾಪೆಟ್ ಸೆಟ್ಟಿಂಗನ್ನೂ ಮಾಡಿಸಿಬಿಡಿ. ಎಕ್ಸಾಸ್ಟ್ ವಾಲ್ವು ಹೆಚ್ಚು ಕಾಯ್ದು ಹಿಗ್ಗುವುದರಿಂದ ಅದಕ್ಕೆ ಸಾಮಾನ್ಯವಾಗಿ ಒಂದು ಕೂದಲು ಹೆಚ್ಚಿನ ಜಾಗ ಬಿಡುತ್ತಾರೆ. ಹೊಸ ಪ್ಯಾಕಿಂಗ್ ಕೂರಿಸಿ ಕವರ್ ಮುಚ್ಚಿ, ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ, ಎರಡು ಸುತ್ತಿನಲ್ಲಿ ಬಿಗಿಯಬೇಕು.

ಇಷ್ಟಾಗಿಯೂ ವಾರದಲ್ಲಿ ಮತ್ತೆ ಸೋರಿದರೆ? ಎಲ್ಲ ಮತಗಳೂ ಮರೆತದ್ದು ಇಲ್ಲಿದೆ, ಸಿದ್ಧಾಂತವೂ ಇದೇ. ಹಳೆಯ ಎಂಜಿನ್ನಿನಲ್ಲಿ ಉರಿದ ಗಾಳಿ ಪಿಸ್ಟನ್ ರಿಂಗ್ ದಾಟಿ ಕೆಳಗೆ ಇಳಿಯುತ್ತದೆ. ಅದು ಹೊರಹೋಗಲು ಬ್ರೀದರ್ ಪೈಪು ಇಟ್ಟಿದ್ದಾರೆ. ಮಸಿ, ಎಣ್ಣೆ ಸೇರಿ ಆ ಪೈಪು ಕಟ್ಟಿಕೊಂಡರೆ ಒಳಗಿನ ಒತ್ತಡ ಎಲ್ಲಕ್ಕಿಂತ ಮೆತ್ತಗಿನ ಜಾಗ ಹುಡುಕುತ್ತದೆ, ಅದು ಪ್ಯಾಕಿಂಗ್. ಆಗ ಎಷ್ಟು ಪ್ಯಾಕಿಂಗ್ ಬದಲಿಸಿದರೂ ಅಷ್ಟೂ ಸೋರುತ್ತವೆ, ಬೈಗುಳ ಮಾತ್ರ ಮಿಸ್ತ್ರಿಗೆ.

ಆದ್ದರಿಂದ ಗಾಡಿ ಧಣಿಗಳಲ್ಲಿ ವಿನಂತಿ: ಪ್ಯಾಕಿಂಗ್ ತರಲು ಮೀರಜ್ ಬಸ್ ಹತ್ತುವ ಮುಂಚೆ ಬ್ರೀದರ್ ಪೈಪು ಬಿಚ್ಚಿ, ಚಿಮಣಿ ಎಣ್ಣೆ ಸಿಗದಿದ್ದರೆ ಡೀಸೆಲಿನಲ್ಲೇ ತೊಳೆದು ಒಣಗಿಸಿ ಹಾಕಿ. ಆಮೇಲೆ ಎಂಜಿನ್ ನಿಧಾನಕ್ಕೆ ಓಡಲು ಬಿಟ್ಟು, ಆಯಿಲ್ ಹಾಕುವ ಮುಚ್ಚಳ ತೆಗೆದು ಅದೇ ಬಾಯಿಯ ಮೇಲೆ ಬೋರಲು ಇಡಿ. ಸುಮ್ಮನೆ ಕೂತರೆ ಪ್ಯಾಕಿಂಗ್ ತನ್ನಿ. ಕುಣಿದು ಹಾರಿಬಿದ್ದರೆ ರಿಂಗ್ ಸವೆದಿವೆ, ಎಂಜಿನ್ ಕೆಲಸಕ್ಕೆ ದುಡ್ಡು ಹೊಂದಿಸಿಕೊಳ್ಳಿ.