ಇಂಬಳ ಸೂತ್ರ

ಸಾಫ್ಟ್‌ವೇರ್ ತಂಡಕ್ಕೆ ಪ್ರಾಜೆಕ್ಟಿನ ಎಷ್ಟು ಸಂಗತಿ ತಿಳಿಸಬೇಕೆಂಬ ವಿಷಯದಲ್ಲಿ ಎರಡು ಪಂಥಗಳಿವೆ. ಐಬಿಎಂ ಕಂಪನಿಗೆ ಓಎಸ್/360 ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವನ್ನು, ಕಟ್ಟಿಸಿದ ಫ್ರೆಡ್ ಬ್ರೂಕ್ಸ್ ಎಲ್ಲರಿಗೂ ಎಲ್ಲವೂ ಗೊತ್ತಿರಲೆಂದು ಸಕಲ ವಿವರಗಳ ಕಡತವೊಂದನ್ನು ಹಂಚಿಸಿದರು. ಆರೇ ತಿಂಗಳಲ್ಲಿ ಅದು 5 ಅಡಿ ದಪ್ಪವಾಯಿತು; ಎಲ್ಲರ ಪ್ರತಿಗಳನ್ನೂ ಪೇರಿಸಿದ್ದರೆ ನ್ಯೂಯಾರ್ಕಿನ ತಮ್ಮ ಕಚೇರಿಯ ಗಗನಚುಂಬಿ ಕಟ್ಟಡವನ್ನೇ ಮೀರುತ್ತಿತ್ತೆಂದು ಅವರೇ ಬರೆದರು. ಡೇವಿಡ್ ಪಾರ್ನಾಸ್ 1972ರಲ್ಲಿ ಮಂಡಿಸಿದ ಮಾಹಿತಿ ಗೋಪನ, ಎಂದರೆ ಒಂದು ಭಾಗದ ಒಳಗುಟ್ಟು ಇನ್ನೊಂದು ಭಾಗ ಬರೆಯುವವರಿಗೆ ಬೇಕಿಲ್ಲವೆಂಬ ತತ್ತ್ವ, ಇದಕ್ಕೆ ವಿರುದ್ಧವಾದುದು. ಪಾರ್ನಾಸರೇ ಸರಿಯೆಂದು ಬ್ರೂಕ್ಸ್ 1995ರಲ್ಲಿ ಬರೆದರು.

ಇಬ್ಬರೂ ಮಲೆನಾಡಿನ ಹೆತ್ತೂರೆಂಬ ಊರಿನ ಆಷಾಢವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಮಲೆನಾಡಿನ ತೋಟದ ಮನೆಗಳಿಗೆ ಮರಳಿ, ನೆಟ್‌ವರ್ಕ್ ಹುಡುಕುತ್ತ ಗುಡ್ಡ ಹತ್ತಿದ ಇಂಜಿನಿಯರುಗಳಿಗೆ ಮಾತ್ರ ಸ್ಟ್ಯಾಂಡ್-ಅಪ್, ಅಂದರೆ 15 ನಿಮಿಷ ಮೀರದಿರಲೆಂದೇ ನಿಂತು ನಡೆಸುವ ದಿನದ ಸಭೆ, ಅಕ್ಷರಶಃ ಅನ್ವಯಿಸಿತು. ಅತ್ತ ಕುರ್ಚಿಯಲ್ಲಿ ಕೂತ ಮ್ಯಾನೇಜರು ಮೊದಲ ಸ್ಲೈಡ್ ತೆರೆಯುವಷ್ಟರಲ್ಲಿ ಇತ್ತ ಇಂಬಳವೊಂದು ಹುಲ್ಲಿನ ತುದಿಯಲ್ಲಿ ಎದ್ದು ನಿಂತು ಗಾಳಿ ಮೂಸುತ್ತದೆ. ವಾರ್ಷಿಕ ಗುರಿಗಳ ವಿವರಣೆ ಸಾಗುವಾಗ ಬೂಟು ಹತ್ತುತ್ತದೆ. ಬಜೆಟ್ಟಿನ ಕೋಷ್ಟಕದ ಹೊತ್ತಿಗೆ ಕಾಲುಚೀಲದ ನೂಲುಗಳ ನಡುವೆ ಸಣ್ಣಗೆ ನುಸುಳಿ, ಗ್ರಾಹಕ ಕಂಪನಿಯ ವಂಶಾವಳಿ ಬರುವಾಗ ಮೀನಖಂಡಕ್ಕೆ ಕಚ್ಚಿಕೊಳ್ಳುತ್ತದೆ. ಕಚ್ಚಿದ್ದು ಕಚ್ಚಿಸಿಕೊಂಡವರಿಗೇ ತಿಳಿಯದಾದ್ದರಿಂದ ಮಾಹಿತಿ ಗೋಪನವನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಜೀವಿ ಇನ್ನೊಂದಿಲ್ಲ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು, ಜೇಬಿನಲ್ಲಿ ಇಂಬಳ ಬಿಡಿಸುವ ಸುಣ್ಣದ ಡಬ್ಬಿ, ಡಬ್ಬಿ ತೆಗೆಯಲು ಮೂರನೆಯ ಕೈಯಿಲ್ಲ; "ಏನಾದರೂ ಪ್ರಶ್ನೆ?" ಎಂದಾಗ ಹೊಮ್ಮುವ ಮೌನವನ್ನು ಮ್ಯಾನೇಜರು ಒಪ್ಪಿಗೆಯೆಂದು ಬರೆದುಕೊಳ್ಳುತ್ತಾರೆ. ಇಂಬಳ ರಕ್ತ ಕುಡಿದು ಉದುರುವುದರೊಳಗೆ ಹೇಳಿ ಮುಗಿಸಲಾಗದ್ದನ್ನು ತಂಡಕ್ಕೆ ಹೇಳಲೇಬೇಕಾಗಿಲ್ಲವೆಂಬ ಈ ಸೂತ್ರವನ್ನು ಪಾರ್ನಾಸರ ಪಕ್ಕದಲ್ಲಿ ಕೂರಿಸಲು ಪ್ರಬಂಧಕಾರನಿಗೆ ಸಂಕೋಚವಿದೆಯಾದರೂ, ಕೂರಿಸದೆ ಬಿಡಲು ಮನಸ್ಸಿಲ್ಲ.

ಈ ಸೂತ್ರಕ್ಕೆ ಅಪವಾದ ಒಂದೇ. ಲೆಕ್ಕವಿಲ್ಲದಷ್ಟು ಸ್ಲೈಡು ತೋರಿಸುವವರೇ ಪ್ರಾಜೆಕ್ಟು ನಿಲ್ಲುವ, ಜನರನ್ನು ತೆಗೆಯುವ ಸುದ್ದಿಯನ್ನು ಮಾತ್ರ ಬಚ್ಚಿಡುತ್ತಾರೆ; ಅದು ತಂಡಕ್ಕಿಂತ ಮೊದಲು ಹೆತ್ತೂರಿನ ಅಂಗಡಿ ಜಗಲಿಗೆ ಬಂದು, ಸಾಮಾನು ತರಲು ಹೋದವನನ್ನು ಹಿರಿಯರೊಬ್ಬರು "ಏನಪ್ಪಾ, ನಿಮ್ ಕಂಪ್ನೀಲಿ ಜನಾನ ತೆಗೀತಾರಂತಲ್ಲ?" ಎಂದು ಕೇಳುವಂತಾಗುತ್ತದೆ. ಪಾರ್ನಾಸ್ ಮರೆಮಾಡಲು ಹೇಳಿದ್ದು ಪ್ರೋಗ್ರಾಮಿನ ಒಳಗುಟ್ಟನ್ನೇ ಹೊರತು ಮನುಷ್ಯನ ಅನ್ನದ ಸುದ್ದಿಯನ್ನಲ್ಲ. ಆ ಸುದ್ದಿ ತಿಳಿಸಲು ಸ್ಲೈಡೂ ಬೇಡ, ಗುಡ್ಡವೂ ಬೇಡ. ಮನೆಯ ಲ್ಯಾಂಡ್‌ಲೈನಿಗೆ ಒಂದು ಕರೆ ಸಾಕು.